ನ್ಯೂಟ್ರಾನ್ ನಕ್ಷತ್ರದ ಮೇಲಿನ 550 ಮೀಟರ್: ಲ್ಯಾಪ್‌ಟಾಪಿನಲ್ಲೇ ಕಟ್ಟಬಹುದಾದ ಮಾದರಿ

ದಾವಣಗೆರೆಯಿಂದ ಹರಿಹರಕ್ಕೆ ಸುಮಾರು 14 ಕಿ.ಮೀ. ನ್ಯೂಟ್ರಾನ್ ನಕ್ಷತ್ರವೊಂದರ ನಟ್ಟನಡುವಿನಿಂದ ಮೇಲ್ಮೈವರೆಗಿನ ದೂರ ಅದಕ್ಕಿಂತಲೂ ಕಡಿಮೆ, 12 ಕಿ.ಮೀ. ಆಸುಪಾಸು. ಅಷ್ಟರೊಳಗೆ ಸೂರ್ಯನ 1.4 ಪಟ್ಟು ದ್ರವ್ಯರಾಶಿ ಅಡಕವಾಗಿದೆ. ಇದರ ತಿರುಳಿನಲ್ಲಿ ಏನಿದೆ ಎಂಬುದರ ಬಗ್ಗೆ ವಿಜ್ಞಾನಿಗಳಲ್ಲಿ ಇನ್ನೂ ಒಮ್ಮತವಿಲ್ಲ. ಬರೀ ನ್ಯೂಟ್ರಾನು, ಪ್ರೋಟಾನುಗಳೇ? ಅವಕ್ಕಿಂತ ಭಾರದ ಹೈಪರಾನು ಕಣಗಳೂ ಇವೆಯೇ? ಇವನ್ನೆಲ್ಲ ಕಟ್ಟಿರುವ ಕ್ವಾರ್ಕುಗಳು ಬಿಡಿಬಿಡಿಯಾಗಿ ಓಡಾಡುತ್ತಿವೆಯೇ? ಈ ಚರ್ಚೆಯೇ ಸುದ್ದಿಯಾಗುತ್ತದೆ, ಮೇಲಿನ ತೊಗಟೆಯನ್ನು ಯಾರೂ ಅಷ್ಟಾಗಿ ಗಮನಿಸುವುದಿಲ್ಲ.

ಆದರೆ ಲೆಕ್ಕ ಕಲಿಯಬೇಕೆನ್ನುವವರಿಗೆ ತೊಗಟೆಯಂಥ ಜಾಗ ಇನ್ನೊಂದಿಲ್ಲ. ಹೊರತೊಗಟೆಯಲ್ಲಿ ನಡೆಯುವ ಭೌತಶಾಸ್ತ್ರವೆಲ್ಲ ನಮಗೆ ಗೊತ್ತಿರುವಂಥದ್ದೇ: ಎಲೆಕ್ಟ್ರಾನುಗಳ ಒತ್ತಡ, ಸ್ಫಟಿಕದ ವಿದ್ಯುತ್ ಶಕ್ತಿ, ನ್ಯೂಕ್ಲಿಯಸ್ಸುಗಳ ದ್ರವ್ಯರಾಶಿ. ಮೊದಲ ಎರಡಕ್ಕೆ ಸೂತ್ರಗಳಿವೆ. ಮೂರನೆಯದಕ್ಕೆ ಪ್ರಯೋಗಶಾಲೆಗಳು ಅಳೆದು ಕೊಟ್ಟ ಕೋಷ್ಟಕವಿದೆ, ಅದು ಉಚಿತವಾಗಿ ಸಿಗುತ್ತದೆ. ದಾವಣಗೆರೆಯಲ್ಲೋ ಚಿತ್ರದುರ್ಗದಲ್ಲೋ ಎಂ.ಎಸ್ಸಿ. ಭೌತಶಾಸ್ತ್ರ ಓದುತ್ತಿರುವವರು ಸಾಧಾರಣ ಲ್ಯಾಪ್‌ಟಾಪಿನಲ್ಲಿ ಪೈಥಾನ್ ಹಾಕಿಕೊಂಡು, ಸಂಶೋಧನಾ ಪತ್ರಿಕೆಗಳಲ್ಲಿ ಅಚ್ಚಾಗುವಂಥ ಅಂಕಿಗಳನ್ನೇ ತೆಗೆಯಬಹುದು. ಎಲ್ಲಿಯವರೆಗೆ ಅಳತೆ, ಎಲ್ಲಿಂದ ಮುಂದೆ ಊಹೆ ಎಂಬುದನ್ನು ಮೀಟರಿನ ಲೆಕ್ಕದಲ್ಲಿ ಬೆರಳಿಟ್ಟು ತೋರಿಸಲೂಬಹುದು. ತಿರುಳಿನ ವಿಷಯದಲ್ಲಿ ಆ ಮಾತು ಹೇಳಲಾಗದು.

ಮೇಲಿನಿಂದ ಕೆಳಕ್ಕೆ ಪದರಗಳು ಹೀಗಿವೆ. ಎಲ್ಲಕ್ಕಿಂತ ಮೇಲೆ ವಾತಾವರಣ. ಹತ್ತು ಲಕ್ಷ ಕೆಲ್ವಿನ್ ಬಿಸಿಯ ಹೈಡ್ರೋಜನ್ ಆದರೂ ಅದರ ದಪ್ಪ ಸೆಂಟಿಮೀಟರುಗಳಲ್ಲೇ ಮುಗಿಯುತ್ತದೆ. ಅದರ ಕೆಳಗೆ ದ್ರವದ ‘ಸಾಗರ’. ಇನ್ನೂ ಕೆಳಗೆ ಅದೇ ದ್ರವ್ಯ ಹೆಪ್ಪುಗಟ್ಟಿ ಆದ ಹೊರತೊಗಟೆ. ಸಾಂದ್ರತೆ ಘನ ಸೆಂಟಿಮೀಟರಿಗೆ 4.3×10¹¹ ಗ್ರಾಂ ಮುಟ್ಟಿದಾಗ ನ್ಯೂಕ್ಲಿಯಸ್ಸುಗಳಿಂದ ನ್ಯೂಟ್ರಾನುಗಳು ಹೊರಗೆ ತೊಟ್ಟಿಕ್ಕಲು ಶುರುವಾಗುತ್ತವೆ, ಹೊರತೊಗಟೆಯ ತಳ ಅದೇ. ಆಮೇಲೆ ಸುಮಾರು ಒಂದು ಕಿ.ಮೀ. ಒಳತೊಗಟೆ, ಅದರ ಕೆಳಗೆ ತಿರುಳು. ಇಲ್ಲಿಂದ ಮುಂದೆ ಸಾಂದ್ರತೆಯನ್ನು ಬರೀ ‘ಇಷ್ಟು ಗ್ರಾಂ’ ಎಂದರೆ ಘನ ಸೆಂಟಿಮೀಟರಿಗೆ ಎಂದೇ ಅರ್ಥ. ಚಿತ್ರದುರ್ಗದ ಕೋಟೆಯ ಗ್ರಾನೈಟ್ ಬಂಡೆ ಈ ಲೆಕ್ಕದಲ್ಲಿ ಸುಮಾರು 2.7 ಗ್ರಾಂ.

ಭಾರ ಹೊರುವುದು ಎಲೆಕ್ಟ್ರಾನು

ಮೊದಲು ಗುರುತ್ವ. 1.4 ಸೂರ್ಯರ ದ್ರವ್ಯರಾಶಿ, 12 ಕಿ.ಮೀ. ತ್ರಿಜ್ಯಕ್ಕೆ ನ್ಯೂಟನ್ನನ ಸೂತ್ರದಿಂದ ಸೆಕೆಂಡಿನ ವರ್ಗಕ್ಕೆ 1.29×10¹⁴ ಸೆಂ.ಮೀ. ಬರುತ್ತದೆ. ಸಾಮಾನ್ಯ ಸಾಪೇಕ್ಷತೆಯ ತಿದ್ದುಪಡಿ ಹಾಕಿದರೆ ಅದು 1.6×10¹⁴ ಆಗುತ್ತದೆ. ಭೂಮಿಯ ಗುರುತ್ವದ ಹದಿನಾರು ಸಾವಿರ ಕೋಟಿ ಪಟ್ಟು. ತಿದ್ದುಪಡಿಯೇ ಶೇ. 20ಕ್ಕಿಂತ ಹೆಚ್ಚಿರುವುದರಿಂದ ಅದನ್ನು ಬಿಡುವಂತಿಲ್ಲ. ತೊಗಟೆ ತೆಳು, ಹಾಗಾಗಿ ಅದರ ಉದ್ದಗಲಕ್ಕೂ ಗುರುತ್ವ ಒಂದೇ ಎಂದು ಇಟ್ಟುಕೊಂಡರೆ ಮೊದಲ ಲೆಕ್ಕಕ್ಕೆ ಸಾಕು.

ಇಷ್ಟು ಭಾರವನ್ನು ತಡೆದು ನಿಲ್ಲಿಸುವುದು ಬಿಸಿಯಲ್ಲ. ಒಂದೇ ಸ್ಥಿತಿಯಲ್ಲಿ ಎರಡು ಎಲೆಕ್ಟ್ರಾನು ಇರಲಾರವು ಎಂಬ ಪೌಲಿ ನಿಯಮದಿಂದ ಹುಟ್ಟುವ ಡಿಜೆನರಸಿ ಒತ್ತಡ. ಚಂದ್ರಶೇಖರ್ ಅವರು ಶ್ವೇತಕುಬ್ಜಗಳಿಗೆ ಬಳಸಿದ ಒತ್ತಡವೇ ಇದು. 10⁴ ಗ್ರಾಂ ದಾಟಿದ ಮೇಲೆ ಪರಮಾಣುಗಳು ಪರಮಾಣುಗಳಾಗಿ ಉಳಿಯುವುದಿಲ್ಲ. ಎಲೆಕ್ಟ್ರಾನುಗಳೆಲ್ಲ ಕಳಚಿಕೊಂಡು ಒಂದೇ ಸಮನಾದ ಹಿನ್ನೆಲೆಯಾಗಿ ಹರಡುತ್ತವೆ, ಅದರ ನಡುವೆ ಬರಿಯ ನ್ಯೂಕ್ಲಿಯಸ್ಸುಗಳಿರುತ್ತವೆ.

ಲೆಕ್ಕಕ್ಕೆ ಬೇಕಾದ ಮುಖ್ಯ ಸಂಖ್ಯೆ ಒಂದು, ಅದನ್ನು ‘ಕ್ಷ’ ಎನ್ನೋಣ. ಸಾಂದ್ರತೆಯನ್ನು 10⁶ ಗ್ರಾಂನ ಏಕಮಾನದಲ್ಲಿ ಬರೆದು, ನ್ಯೂಕ್ಲಿಯಸ್ಸಿನ ಪ್ರೋಟಾನ್ ಪಾಲಿನಿಂದ (ಪ್ರೋಟಾನ್ ಸಂಖ್ಯೆ ÷ ದ್ರವ್ಯರಾಶಿ ಸಂಖ್ಯೆ) ಗುಣಿಸಿ, ಘನಮೂಲ ತೆಗೆದು, 1.009ರಿಂದ ಗುಣಿಸಿದರೆ ಕ್ಷ. ಎಲೆಕ್ಟ್ರಾನಿನ ಫರ್ಮಿ ಶಕ್ತಿ (ಅವುಗಳಲ್ಲಿ ಅತಿ ಹೆಚ್ಚು ಶಕ್ತಿಯ ಎಲೆಕ್ಟ್ರಾನಿನ ಶಕ್ತಿ) 0.511 × √(1+ಕ್ಷ²) ಎಂಇವಿ, ಅಂದರೆ ಮೆಗಾ ಎಲೆಕ್ಟ್ರಾನ್ ವೋಲ್ಟ್. ಒತ್ತಡ ಚದರ ಸೆಂಟಿಮೀಟರಿಗೆ ಇಷ್ಟು ಡೈನ್:

6.002×10²² × [ ಕ್ಷ(2ಕ್ಷ²−3)√(1+ಕ್ಷ²) + 3 × (ಕ್ಷದ ವಿಲೋಮ ಹೈಪರ್ಬಾಲಿಕ್ ಸೈನ್) ]

ಈ ಆವರಣದಲ್ಲಿ ಒಂದು ತೊಡಕಿದೆ. ಕ್ಷ ಚಿಕ್ಕದಾದಾಗ ಎರಡು ಪದಗಳು ಹೆಚ್ಚುಕಡಿಮೆ ಪೂರ್ತಿ ಒಂದನ್ನೊಂದು ಹೊಡೆದುಹಾಕುತ್ತವೆ, ಉಳಿಯುವುದು ಕ್ಷದ ಐದನೇ ಘಾತದ 8/5 ಭಾಗ ಮಾತ್ರ. ಸಿಂಗಲ್ ಪ್ರಿಸಿಷನ್ ಬಳಸಿದರೆ ಕ್ಷ 0.1 ಇರುವಾಗಲೇ ಮೂರನೇ ಅಂಕಿ ಅಲುಗಾಡಲು ಶುರುವಾಗುತ್ತದೆ. ಡಬಲ್ ಪ್ರಿಸಿಷನ್‌ನಲ್ಲಿ ನಮಗೆ ಬೇಕಾದ ವ್ಯಾಪ್ತಿಗೆ ತೊಂದರೆಯಿಲ್ಲ.

ಯಾವ ನ್ಯೂಕ್ಲಿಯಸ್ಸು?

ಎಲ್ಲ ಪ್ರಶ್ನೆಯೂ ಇಲ್ಲಿಗೇ ಬಂದು ನಿಲ್ಲುತ್ತದೆ. ಆಳಕ್ಕೆ ಹೋದಂತೆ ಫರ್ಮಿ ಶಕ್ತಿ ಏರುತ್ತದೆ, ಒಂದೊಂದು ಎಲೆಕ್ಟ್ರಾನನ್ನು ಇಟ್ಟುಕೊಳ್ಳುವುದೂ ದುಬಾರಿಯಾಗುತ್ತದೆ. ನ್ಯೂಕ್ಲಿಯಸ್ಸು ಎಲೆಕ್ಟ್ರಾನನ್ನು ನುಂಗಿ ಒಂದು ಪ್ರೋಟಾನನ್ನು ನ್ಯೂಟ್ರಾನಾಗಿ ಮಾಡಿಕೊಂಡರೆ ಆ ಖರ್ಚು ಉಳಿಯುತ್ತದೆ, ಆದರೆ ನ್ಯೂಕ್ಲಿಯಸ್ಸಿನ ಬಂಧ ಸಡಿಲವಾಗುತ್ತದೆ. ಯಾವ ಆಳದಲ್ಲಿ ಯಾವುದು ಲಾಭ ಎಂಬ ಲೆಕ್ಕವನ್ನು ಬೇಮ್, ಪೆಥಿಕ್ ಮತ್ತು ಸದರ್‌ಲ್ಯಾಂಡ್ 1971ರಲ್ಲಿ ಕ್ರಮಬದ್ಧವಾಗಿ ಮಾಡಿದರು. ಇವತ್ತಿಗೂ ವಿಧಾನ ಅದೇ, ಬದಲಾಗಿರುವುದು ದ್ರವ್ಯರಾಶಿ ಕೋಷ್ಟಕ.

ವಿಧಾನ ಇಷ್ಟೇ: ಒತ್ತಡವನ್ನು ಹಿಡಿದಿಡಿ, ಕೋಷ್ಟಕದ ಪ್ರತಿಯೊಂದು ನ್ಯೂಕ್ಲಿಯಸ್ಸಿಗೂ ಪ್ರತಿ ನ್ಯೂಕ್ಲಿಯಾನಿನ (ಪ್ರೋಟಾನ್ ಅಥವಾ ನ್ಯೂಟ್ರಾನಿನ) ಗಿಬ್ಸ್ ಶಕ್ತಿ, ಅಂದರೆ ಆ ಒತ್ತಡದಲ್ಲಿ ಅದಕ್ಕೆ ತಗಲುವ ಒಟ್ಟು ಶಕ್ತಿ, ಲೆಕ್ಕ ಹಾಕಿ, ಕನಿಷ್ಠ ಬಂದದ್ದನ್ನು ಆರಿಸಿ. ಆ ಗಿಬ್ಸ್ ಶಕ್ತಿಯಲ್ಲಿ ಮೂರು ತುಂಡುಗಳಿವೆ. ಪರಮಾಣು ದ್ರವ್ಯರಾಶಿಯನ್ನು ದ್ರವ್ಯರಾಶಿ ಸಂಖ್ಯೆಯಿಂದ ಭಾಗಿಸಿದ್ದು ಮೊದಲನೆಯದು. ಪ್ರೋಟಾನ್ ಪಾಲು × (ಫರ್ಮಿ ಶಕ್ತಿ − 0.511) ಎರಡನೆಯದು. ಜಾಲಕ ಶಕ್ತಿಯ 4/3 ಭಾಗವನ್ನು ದ್ರವ್ಯರಾಶಿ ಸಂಖ್ಯೆಯಿಂದ ಭಾಗಿಸಿದ್ದು ಮೂರನೆಯದು. ಜಾಲಕ ಶಕ್ತಿ ಎಂದರೆ ಧನ ವಿದ್ಯುದಂಶದ ನ್ಯೂಕ್ಲಿಯಸ್ಸುಗಳು ಋಣ ಹಿನ್ನೆಲೆಯಲ್ಲಿ ಸಾಲಾಗಿ ಕೂತಾಗ ಉಳಿಯುವ ಶಕ್ತಿ. ಘನದ ಮೂಲೆಗಳಲ್ಲೂ ನಡುವೆಯೂ ಒಂದೊಂದು ನ್ಯೂಕ್ಲಿಯಸ್ಸು ಇರುವ ಜೋಡಣೆಗೆ ಅದು −0.896 × ಪ್ರೋಟಾನ್ ಸಂಖ್ಯೆಯ ವರ್ಗ × 1.44 ÷ (ಒಂದು ಅಯಾನಿನ ಪಾಲಿಗೆ ಬರುವ ಗೋಳದ ತ್ರಿಜ್ಯ ಫೆಂಟೋಮೀಟರಿನಲ್ಲಿ) ಎಂಇವಿ. ಜಾಲಕ ಒತ್ತಡವನ್ನೂ ತಗ್ಗಿಸುತ್ತದೆ: ಕಬ್ಬಿಣದಲ್ಲಿ ಶೇ. 4ರಷ್ಟು, ತೊಗಟೆಯ ತಳದಲ್ಲಿ ಶೇ. 5ರಷ್ಟು. 4/3 ಬರುವುದೂ ಇದರಿಂದಲೇ: ಶಕ್ತಿಗೆ ಒತ್ತಡ × ಗಾತ್ರ ಸೇರಿದಾಗ ಮೂರನೇ ಒಂದು ಭಾಗ ಹೆಚ್ಚಾಗುತ್ತದೆ. ಅದನ್ನು 1 ಎಂದೇ ಬರೆದುಬಿಟ್ಟರೆ ಪ್ರೋಗ್ರಾಂ ಯಾವ ದೂರನ್ನೂ ಹೇಳದೆ ಓಡುತ್ತದೆ, ಪದರಗಳ ಗಡಿ ಮಾತ್ರ ಜರುಗಿರುತ್ತದೆ.

ಒತ್ತಡವನ್ನೇ ಯಾಕೆ ಹಿಡಿದಿಡಬೇಕು, ಸಾಂದ್ರತೆಯನ್ನು ಯಾಕಲ್ಲ? ಈ ಪ್ರಶ್ನೆಗೆ ಉತ್ತರ ಗೊತ್ತಿಲ್ಲದೆ ಬರೆದ ಪ್ರೋಗ್ರಾಂ ಖಂಡಿತ ಕೈಕೊಡುತ್ತದೆ. ನಕ್ಷತ್ರದೊಳಗೆ ಒತ್ತಡ ಒಂದೆಡೆಯಿಂದ ಇನ್ನೊಂದೆಡೆಗೆ ಜಿಗಿಯಲಾರದು, ಜಿಗಿದರೆ ಪದರ ನಿಲ್ಲುವುದಿಲ್ಲ. ಒತ್ತಡವನ್ನು ನಿರ್ಧರಿಸುವುದು ಎಲೆಕ್ಟ್ರಾನುಗಳ ಸಂಖ್ಯೆ. ಗಡಿಯ ಎರಡೂ ಕಡೆ ಎಲೆಕ್ಟ್ರಾನುಗಳು ಹೆಚ್ಚುಕಡಿಮೆ ಅಷ್ಟೇ, ಆದರೆ ಒಂದು ಎಲೆಕ್ಟ್ರಾನಿಗೆ ಬರುವ ನ್ಯೂಕ್ಲಿಯಾನುಗಳು ಬೇರೆಬೇರೆ. ಹಾಗಾಗಿ ಸಾಂದ್ರತೆ ಜಿಗಿಯುತ್ತದೆ. ಕಬ್ಬಿಣ-56ರಿಂದ ನಿಕಲ್-62ಕ್ಕೆ ಬದಲಾಗುವಲ್ಲಿ ಈ ಜಿಗಿತ ಶೇ. 3ರ ಹತ್ತಿರ. ಆ ನಡುವಿನ ಸಾಂದ್ರತೆಗಳು ನಕ್ಷತ್ರದಲ್ಲಿ ಎಲ್ಲೂ ಇಲ್ಲ. ಸಾಂದ್ರತೆ ಹಿಡಿದು ಲೆಕ್ಕ ಮಾಡಿದರೆ ಇಲ್ಲದ ದ್ರವ್ಯಕ್ಕೂ ಒಂದು ಉತ್ತರ ಬರುತ್ತದೆ, ಒತ್ತಡದ ರೇಖೆ ಗಡಿಯಲ್ಲಿ ಹಿಂದಕ್ಕೆ ಮಡಚಿಕೊಳ್ಳುತ್ತದೆ.

ಮೊದಲ ಗಡಿ, ಕಾಗದ ಪೆನ್ಸಿಲಿನಲ್ಲಿ

ಪ್ರೋಗ್ರಾಂ ಬರೆಯುವ ಮೊದಲು ಈ ಒಂದು ಗಡಿಯನ್ನು ಕೈಯಲ್ಲೇ ಮಾಡಿ ನೋಡಿ. ಚಳ್ಳಕೆರೆ ಬಳಿಯ ಕುದಾಪುರದ ಐಐಎಸ್‌ಸಿ ಕ್ಯಾಂಪಸ್‌ನಲ್ಲಿ ವಿಜ್ಞಾನ ಶಿಕ್ಷಕರಿಗೆ ತರಬೇತಿ ನಡೆಯುತ್ತದೆ. ಅಂಥ ತರಗತಿಗೆ ಹೇಳಿಮಾಡಿಸಿದ ಲೆಕ್ಕ ಇದು: ಕ್ಯಾಲ್ಕುಲೇಟರ್ ಇದ್ದರೆ ಹತ್ತು ನಿಮಿಷ.

ಕಬ್ಬಿಣ-56ರ ಪರಮಾಣು ದ್ರವ್ಯರಾಶಿ 55.934936, ನಿಕಲ್-62ರದು 61.928345 ಪರಮಾಣು ಏಕಮಾನ. ಪ್ರತಿ ನ್ಯೂಕ್ಲಿಯಾನಿಗೆ ಭಾಗಿಸಿ 931.494 ಎಂಇವಿಯಿಂದ ಗುಣಿಸಿ ಹೋಲಿಸಿದರೆ ಕಬ್ಬಿಣ 5.7 ಕೆಇವಿ ಹಗುರ. ಒಂದು ಎಂಇವಿಗೆ ಸಾವಿರ ಕೆಇವಿ, ಅಂದರೆ ಈ ವ್ಯತ್ಯಾಸ ಒಂದು ಎಂಇವಿಯ ಸಾವಿರದಲ್ಲಿ ಆರು ಭಾಗದಷ್ಟೂ ಇಲ್ಲ. ಬಂಧಶಕ್ತಿಯಲ್ಲಿ ನಿಕಲ್-62 ಎಲ್ಲಕ್ಕಿಂತ ಗಟ್ಟಿ ಎಂದು ಓದಿರುತ್ತೀರಿ, ಅದು ಸರಿಯೇ. ಆದರೆ ಅದರಲ್ಲಿ ನ್ಯೂಟ್ರಾನುಗಳ ಪಾಲು ಹೆಚ್ಚು, ನ್ಯೂಟ್ರಾನೋ ಪ್ರೋಟಾನಿಗಿಂತ ಭಾರ. ಗಿಬ್ಸ್ ಶಕ್ತಿ ಕೇಳುವುದು ಒಟ್ಟು ದ್ರವ್ಯರಾಶಿಯನ್ನು, ಹಾಗಾಗಿ ಮೇಲ್ಮೈಯಲ್ಲಿ ಗೆಲ್ಲುವುದು ಕಬ್ಬಿಣ.

ಪ್ರೋಟಾನ್ ಪಾಲು ಕಬ್ಬಿಣದಲ್ಲಿ 26/56 = 0.46429, ನಿಕಲ್‌ನಲ್ಲಿ 28/62 = 0.45161. ವ್ಯತ್ಯಾಸ 0.01267. ಎಲೆಕ್ಟ್ರಾನಿನ ಚಲನಶಕ್ತಿಯನ್ನು ಇದರಿಂದ ಗುಣಿಸಿದಾಗ 5.7 ಕೆಇವಿ ಆಗಬೇಕು. ಅಂದರೆ ಚಲನಶಕ್ತಿ 450 ಕೆಇವಿ, ಫರ್ಮಿ ಶಕ್ತಿ 0.96 ಎಂಇವಿ, ಕ್ಷ ಸುಮಾರು 1.59. ಹಿಂದಕ್ಕೆ ಹೋಗಿ ಸಾಂದ್ರತೆ ತೆಗೆದರೆ 8.5×10⁶ ಗ್ರಾಂ. ಜಾಲಕದ ಪದ ಸೇರಿಸಿದರೆ ನಿಕಲ್‌ಗೆ ಕೊಂಚ ಅನುಕೂಲವಾಗಿ ಗಡಿ 8×10⁶ರ ಆಸುಪಾಸಿಗೆ ಇಳಿಯುತ್ತದೆ. ಅಚ್ಚಾದ ಕೋಷ್ಟಕಗಳಲ್ಲಿರುವುದೂ ಅದೇ.

ಇಲ್ಲಿ ಗೆಲುವು ಸೋಲು ಕೆಇವಿಗಳಲ್ಲಿ ತೀರ್ಮಾನವಾಗುತ್ತದೆ ಎಂಬುದು ಕೈಯಾರೆ ಮಾಡಿದಾಗಲೇ ಮನಸ್ಸಿಗೆ ಇಳಿಯುವುದು. ಅದರಿಂದ ಒಂದು ಒಳ್ಳೆಯ ಪರೀಕ್ಷೆಯೂ ಸಿಗುತ್ತದೆ. ಕೋಷ್ಟಕಗಳು ಕೊಡುವುದು ಪರಮಾಣುವಿನ ದ್ರವ್ಯರಾಶಿ, ಅದರಲ್ಲಿ ಎಲೆಕ್ಟ್ರಾನುಗಳ ತೂಕ ಆಗಲೇ ಸೇರಿದೆ. ಫರ್ಮಿ ಶಕ್ತಿಯಿಂದ 0.511 ಕಳೆಯುವುದನ್ನು ಮರೆತರೆ ಎಲೆಕ್ಟ್ರಾನಿನ ತೂಕ ಎರಡು ಸಲ ಲೆಕ್ಕಕ್ಕೆ ಬರುತ್ತದೆ. 0.01267 × 511 = 6.5 ಕೆಇವಿ, 5.7ಕ್ಕಿಂತ ಹೆಚ್ಚು. ಪರಿಣಾಮ: ಕಬ್ಬಿಣ ಎಲ್ಲೂ ಬರುವುದೇ ಇಲ್ಲ, ಮೇಲ್ಮೈಯಿಂದಲೇ ನಿಕಲ್-62 ಶುರುವಾಗುತ್ತದೆ. ನಿಮ್ಮ ಪ್ರೋಗ್ರಾಂ ಹಾಗೆ ತೋರಿಸಿದರೆ ತಪ್ಪು ಎಲ್ಲಿದೆ ಎಂದು ಹುಡುಕುತ್ತಾ ಕೂರಬೇಕಿಲ್ಲ.

ಎಲೆಕ್ಟ್ರಾನುಗಳನ್ನು ಪರಮಾಣುವಿಗೆ ಕಟ್ಟಿಹಾಕಿರುವ ಶಕ್ತಿಯದು ಇನ್ನೂ ಸೂಕ್ಷ್ಮ ವಿಷಯ. ಕಬ್ಬಿಣಕ್ಕೆ ಒಟ್ಟು ಸುಮಾರು 35 ಕೆಇವಿ, ಪ್ರತಿ ನ್ಯೂಕ್ಲಿಯಾನಿಗೆ 0.6. ನಿಕಲ್‌ನಲ್ಲೂ ಹೆಚ್ಚುಕಡಿಮೆ ಅಷ್ಟೇ ಇರುವುದರಿಂದ ಹೋಲಿಕೆಯಲ್ಲಿ ಅದು ಅಳಿಸಿಹೋಗುತ್ತದೆ. ಸೇರಿಸಿದರೆ ಒಳ್ಳೆಯದು, ಬಿಟ್ಟರೆ ದೊಡ್ಡ ಅನರ್ಥವಿಲ್ಲ.

ಪೂರ್ತಿ ಓಟ

ಈಗ ಪ್ರೋಗ್ರಾಂ. 2020ರ ಪರಮಾಣು ದ್ರವ್ಯರಾಶಿ ಮೌಲ್ಯಮಾಪನದ ಕಡತ ಇಳಿಸಿಕೊಳ್ಳಿ, ಅದರಲ್ಲಿ ಅಳೆದ ನ್ಯೂಕ್ಲಿಯಸ್ಸುಗಳೇ 2,500ಕ್ಕೂ ಹೆಚ್ಚಿವೆ. ಕೆಲವು ಸಾಲುಗಳಲ್ಲಿ ದಶಮಾಂಶ ಬಿಂದುವಿನ ಜಾಗದಲ್ಲಿ # ಗುರುತಿರುತ್ತದೆ. ಆ ಅಂಕಿ ಅಳೆದದ್ದಲ್ಲ, ಅಕ್ಕಪಕ್ಕದ ನ್ಯೂಕ್ಲಿಯಸ್ಸುಗಳ ಜಾಡು ಹಿಡಿದು ಅಂದಾಜಿಸಿದ್ದು. ಕಡತ ಓದುವಾಗ # ಅನ್ನು ಸುಮ್ಮನೆ ಬಿಂದುವಾಗಿ ಬದಲಿಸಿಬಿಡುವುದು ಸುಲಭ, ಎಲ್ಲರೂ ಮಾಡುವುದೂ ಅದನ್ನೇ. ಆದರೆ ಪಕ್ಕದಲ್ಲೇ ‘ಅಳೆದದ್ದು / ಅಂದಾಜು’ ಎಂಬ ಒಂದು ಕಾಲಂ ಇಟ್ಟುಕೊಳ್ಳಿ. ಕೊನೆಯಲ್ಲಿ ಎಲ್ಲಕ್ಕಿಂತ ಬೆಲೆಬಾಳುವುದು ಆ ಕಾಲಮ್ಮೇ.

ಒತ್ತಡವನ್ನು ಲಾಗ್ ಅಳತೆಯಲ್ಲಿ ಸಾವಿರ ಬಿಂದುಗಳಾಗಿ ಹಂಚಿ. ಮೇಲಿನ ತುದಿ 8×10²⁹ ಡೈನ್ ಇದ್ದರೆ ಸಾಕು. ಪ್ರತಿ ಬಿಂದುವಿನಲ್ಲೂ ಪ್ರತಿ ನ್ಯೂಕ್ಲಿಯಸ್ಸಿಗೂ ಕ್ಷ ಹುಡುಕಬೇಕು. ಜಾಲಕದ ಒತ್ತಡ ಪ್ರೋಟಾನ್ ಸಂಖ್ಯೆಯನ್ನು ಅವಲಂಬಿಸುವುದರಿಂದ ಒಂದೇ ಕ್ಷ ಎಲ್ಲಕ್ಕೂ ಹೊಂದದು. ಜಾಲಕವಿಲ್ಲದ ಉತ್ತರದಿಂದ ಶುರುಮಾಡಿದರೆ ನ್ಯೂಟನ್ ವಿಧಾನದಲ್ಲಿ ಮೂರು ನಾಲ್ಕು ಸುತ್ತಿಗೆ ಮುಗಿಯುತ್ತದೆ. ಕನಿಷ್ಠ ಗಿಬ್ಸ್ ಶಕ್ತಿ ನ್ಯೂಟ್ರಾನಿನ ದ್ರವ್ಯರಾಶಿ ಶಕ್ತಿಯನ್ನು, ಅಂದರೆ 939.565 ಎಂಇವಿಯನ್ನು ಮುಟ್ಟಿದ ಕೂಡಲೇ ನಿಲ್ಲಿಸಿ. ಅಲ್ಲಿಂದ ಕೆಳಗೆ ನ್ಯೂಟ್ರಾನು ಹೊರಗಿದ್ದರೇ ಅಗ್ಗ.

ತೆಳು ಪದರಗಳನ್ನು ಬಿಟ್ಟರೆ ಕಾಣುವ ಸಾಲು ಇದು: ಕಬ್ಬಿಣ-56, ನಿಕಲ್-62, ನಿಕಲ್-64, ಕ್ರಿಪ್ಟಾನ್-86, ಸೆಲೆನಿಯಂ-84, ಜರ್ಮೇನಿಯಂ-82, ಸತು-80, ನಿಕಲ್-78. ಕ್ರಿಪ್ಟಾನಿನಿಂದ ಮುಂದಕ್ಕೆ ಕಳೆದು ನೋಡಿ: 86−36, 84−34, 82−32, 80−30, 78−28. ಎಲ್ಲದರಲ್ಲೂ ನ್ಯೂಟ್ರಾನು 50. 50 ಒಂದು ‘ಮ್ಯಾಜಿಕ್ ಸಂಖ್ಯೆ’, ಅಂದರೆ ಚಿಪ್ಪು ಪೂರ್ತಿ ತುಂಬಿ ನ್ಯೂಕ್ಲಿಯಸ್ಸು ವಿಶೇಷವಾಗಿ ಗಟ್ಟಿಯಾಗುವ ಸಂಖ್ಯೆ. ಅದರ ಹಿಡಿತ ಅಷ್ಟು ಬಿಗಿ. ಫರ್ಮಿ ಶಕ್ತಿ ಏರಿದಂತೆ ನ್ಯೂಕ್ಲಿಯಸ್ಸು ಎರಡೆರಡು ಪ್ರೋಟಾನುಗಳನ್ನು ಬಿಟ್ಟುಕೊಡುತ್ತದೆಯೇ ಹೊರತು 50 ನ್ಯೂಟ್ರಾನುಗಳ ಚಿಪ್ಪನ್ನು ಬಿಡುವುದಿಲ್ಲ. ಅಲ್ಲಿಂದ ಸಾಲು 82 ನ್ಯೂಟ್ರಾನುಗಳಿಗೆ ಹಾರುತ್ತದೆ: ಮಾಲಿಬ್ಡಿನಂ-124, ಜಿರ್ಕೋನಿಯಂ-122, ಸ್ಟ್ರಾಂಷಿಯಂ-120, ಕ್ರಿಪ್ಟಾನ್-118. ಈ ಕೊನೆಯ ಗುಂಪಿನ ಯಾವುದನ್ನೂ ಯಾರೂ ತೂಗಿಲ್ಲ, ಬರುವುದೆಲ್ಲ ಸೈದ್ಧಾಂತಿಕ ಮಾದರಿಗಳಿಂದ. ಅಳೆದ ನ್ಯೂಕ್ಲಿಯಸ್ಸುಗಳ ಮಟ್ಟಿಗೆ ಒಳ್ಳೆಯ ಮಾದರಿಗಳ ಸರಾಸರಿ ತಪ್ಪು ಅರ್ಧ ಎಂಇವಿ. ಅಳತೆಯಿಂದ ದೂರ ಹೋದಂತೆ ಮಾದರಿ ಮಾದರಿಗಳ ನಡುವಿನ ಅಂತರ ಹಲವು ಎಂಇವಿ ಆಗುತ್ತದೆ. ಹಾಗಾಗಿ ಈ ಭಾಗದ ಸಾಲು ಒಬ್ಬೊಬ್ಬರ ಪಟ್ಟಿಯಲ್ಲಿ ಒಂದೊಂದು ಥರ ಇರುತ್ತದೆ.

ಒಂದು ಅಳತೆ ಏನು ಮಾಡಬಲ್ಲದು ಎಂಬುದಕ್ಕೆ ಸತು-82 ಸಾಕ್ಷಿ. ಕೆಲವು ಮಾದರಿಗಳ ಪ್ರಕಾರ ಅದಕ್ಕೆ ತೊಗಟೆಯಲ್ಲಿ ಒಂದು ಪದರವಿತ್ತು. ಸರ್ನ್‌ನ ಐಸೋಲ್ಡೆ ಕೇಂದ್ರದಲ್ಲಿ ಐಸೋಲ್‌ಟ್ರ್ಯಾಪ್ ಉಪಕರಣದಿಂದ ಅದನ್ನು ತೂಗಿ 2013ರಲ್ಲಿ ಪ್ರಕಟಿಸಿದಾಗ ಆ ಪದರ ಮಾಯವಾಯಿತು. ಪ್ರಯೋಗಶಾಲೆಯಲ್ಲಿ ಕ್ಷಣಮಾತ್ರ ಬದುಕುವ ನ್ಯೂಕ್ಲಿಯಸ್ಸಿನ ತೂಕ ನಕ್ಷತ್ರದ ನಕ್ಷೆಯಿಂದ ಒಂದು ಪದರವನ್ನೇ ಅಳಿಸಿತು. ನನಗಂತೂ ಈ ಕ್ಷೇತ್ರದ ಅತ್ಯಂತ ಸುಂದರವಾದ ಕೆಲಸಗಳಲ್ಲಿ ಇದೊಂದು.

ಆಳವನ್ನು ಸಂಯೋಜನೆ ಗೊತ್ತಿಲ್ಲದೆಯೂ ಹೇಳಬಹುದು

ತೊಗಟೆಯ ದಪ್ಪ ತೆಗೆಯಲು ಒತ್ತಡದ ಏರಿಕೆಯನ್ನು ಸಾಂದ್ರತೆ × ಗುರುತ್ವದಿಂದ ಭಾಗಿಸುತ್ತಾ ಕೂಡಿಸಬೇಕು. ಮಾಡಿ, ಆದರೆ ಉತ್ತರ ಸರಿಯೇ ಎಂದು ನೋಡಲು ಒಂದು ಹತ್ತಿರದ ದಾರಿ ಇದೆ. ಸಮತೋಲನದಲ್ಲಿರುವ ತಣ್ಣನೆಯ ದ್ರವ್ಯದಲ್ಲಿ ಒಂದೊಂದು ಮೀಟರ್ ಇಳಿದಾಗಲೂ ಗಿಬ್ಸ್ ಶಕ್ತಿ ಏರುವುದು ನ್ಯೂಕ್ಲಿಯಾನಿನ ತೂಕ × ಗುರುತ್ವದಷ್ಟು, ಅಷ್ಟೇ. ಮೇಲ್ಮೈಯಲ್ಲಿ ಅದು ಕಬ್ಬಿಣ-56ರ ಬೆಲೆ, 930.41 ಎಂಇವಿ. ತಳದಲ್ಲಿ ನ್ಯೂಟ್ರಾನಿನ ಬೆಲೆ, 939.57. ವ್ಯತ್ಯಾಸ 9.15 ಎಂಇವಿ. ಅದನ್ನು ನ್ಯೂಕ್ಲಿಯಾನಿನ ತೂಕ ಮತ್ತು 1.6×10¹⁴ ಗುರುತ್ವದಿಂದ ಭಾಗಿಸಿದರೆ 550 ಮೀಟರ್.

ನಡುವೆ ಕ್ರಿಪ್ಟಾನ್ ಇದೆಯೋ ಜಿರ್ಕೋನಿಯಂ ಇದೆಯೋ ಎಂಬುದು ಇದರಲ್ಲಿ ಬರಲೇ ಇಲ್ಲ. ಎರಡು ತುದಿಗಳ ತೂಕ ಪ್ರಯೋಗಶಾಲೆಯಲ್ಲಿ ಎಂಟೊಂಬತ್ತು ಅಂಕಿಗಳ ನಿಖರತೆಯಲ್ಲಿ ಗೊತ್ತು, ಆಳ ಅಲ್ಲಿಗೇ ತೀರ್ಮಾನವಾಯಿತು. ನಿಮ್ಮ ಕೂಡಿಕೆ 550 ಮೀಟರಿನಿಂದ ಶೇ. 1ಕ್ಕಿಂತ ಹೆಚ್ಚು ಆಚೀಚೆ ಹೋದರೆ ತಪ್ಪು ಕೂಡಿಕೆಯಲ್ಲೇ ಇದೆ, ದ್ರವ್ಯರಾಶಿ ಮಾದರಿಯನ್ನು ದೂರಬೇಡಿ. ಸಾಮಾನ್ಯವಾಗಿ ಸಿಗುವ ತಪ್ಪು: ಪದರದ ಗಡಿಯಲ್ಲಿ ಸಾಂದ್ರತೆಯ ಜಿಗಿತವನ್ನು ಇಂಟರ್‌ಪೊಲೇಷನ್ ನುಣುಪು ಮಾಡಿಬಿಟ್ಟಿರುವುದು.

ಇದೇ ಉಪಾಯದಿಂದ ಅಳತೆಯ ಕೊನೆ ಎಲ್ಲಿ ಎಂದೂ ಹೇಳಬಹುದು. ಸತು-80ರವರೆಗೆ ತೂಕಗಳು ಅಳೆದವು. ಅದರ ಪದರದ ತಳ ಸುಮಾರು 5.4×10¹⁰ ಗ್ರಾಂ, ಫರ್ಮಿ ಶಕ್ತಿ 14 ಎಂಇವಿ. ಅಲ್ಲಿನ ಗಿಬ್ಸ್ ಶಕ್ತಿ ಮೇಲ್ಮೈಗಿಂತ ಸುಮಾರು 5.3 ಎಂಇವಿ ಹೆಚ್ಚು. ಹಾಗಾದರೆ ಆಳ 320 ಮೀಟರ್. ಮೇಲಿನ 320 ಮೀಟರ್ ಪ್ರಯೋಗಶಾಲೆ ಕೊಟ್ಟದ್ದು, ಕೆಳಗಿನ 230 ಮೀಟರ್ ಸಿದ್ಧಾಂತ ಕೊಟ್ಟದ್ದು. # ಕಾಲಂ ಇಟ್ಟುಕೊಳ್ಳಿ ಎಂದದ್ದು ಇದಕ್ಕೇ.

ದ್ರವ್ಯರಾಶಿಯನ್ನೂ ನೋಡಿಬಿಡಿ. ತಳದ ಒತ್ತಡ 7.8×10²⁹ ಡೈನ್. ಗುರುತ್ವದಿಂದ ಭಾಗಿಸಿ, 12 ಕಿ.ಮೀ. ಗೋಳದ ಮೈ ವಿಸ್ತೀರ್ಣದಿಂದ ಗುಣಿಸಿದರೆ 9×10²⁸ ಗ್ರಾಂ, ಸುಮಾರು ಹದಿನೈದು ಭೂಮಿಗಳಷ್ಟು. ಇಡೀ ನಕ್ಷತ್ರದ ಲೆಕ್ಕದಲ್ಲಿ ಇದು ಲಕ್ಷಕ್ಕೆ ಮೂರು ಭಾಗ.

ಹೆಪ್ಪುಗಟ್ಟುವುದು, ಮುರಿಯುವುದು

ಇಷ್ಟು ಹೊತ್ತು ‘ಸ್ಫಟಿಕ’ ಎಂದದ್ದಕ್ಕೆ ಆಧಾರ ಬೇಕು. ನೆರೆಯ ನ್ಯೂಕ್ಲಿಯಸ್ಸುಗಳ ವಿದ್ಯುತ್ ಶಕ್ತಿಯನ್ನು ಉಷ್ಣಶಕ್ತಿಯಿಂದ ಭಾಗಿಸಿದ ಸಂಖ್ಯೆಗೆ ಗಾಮಾ ಎನ್ನುತ್ತಾರೆ. ಅದು ಸುಮಾರು 175 ದಾಟಿದರೆ ದ್ರವ ಹೆಪ್ಪುಗಟ್ಟುತ್ತದೆ. ಕಬ್ಬಿಣಕ್ಕೆ 10⁶ ಗ್ರಾಂನಲ್ಲಿ ಕರಗುವ ಉಷ್ಣತೆ 2.3×10⁷ ಕೆಲ್ವಿನ್, 10⁹ ಗ್ರಾಂನಲ್ಲಿ 2.3×10⁸. ಸಾಂದ್ರತೆ ಸಾವಿರ ಪಟ್ಟಾದರೆ ಕರಗುವ ಉಷ್ಣತೆ ಹತ್ತು ಪಟ್ಟು. ತಳದ ಕ್ರಿಪ್ಟಾನ್-118ಕ್ಕೆ ಅದು 2.6×10⁹. ಹಾಗಾಗಿ ನಕ್ಷತ್ರ ಆರುವಾಗ ಮೊದಲು ಗಟ್ಟಿಯಾಗುವುದು ಕೆಳಭಾಗ. ಹೆಪ್ಪು ಮೇಲಕ್ಕೆ ಏರುತ್ತಾ ಬರುತ್ತದೆ, ಎಲ್ಲಕ್ಕಿಂತ ಮೇಲೆ ಸಾಗರ ಉಳಿಯುತ್ತದೆ.

ಈ ಸ್ಫಟಿಕದ ಗಟ್ಟಿತನ ಬೆರಗು ಹುಟ್ಟಿಸುವಂಥದ್ದು. ಚಿತ್ರದುರ್ಗದ ಸುತ್ತ ಕಲ್ಲು ಸೀಳುವುದನ್ನು ನೋಡಿದವರಿಗೆ ಗೊತ್ತು: ಬಂಡೆಯ ಮೇಲೆ ಸಾಲಾಗಿ ತೂತು ಕೊರೆದು, ಬೆಣೆ ಇಟ್ಟು, ಒಂದೊಂದಾಗಿ ಬಡಿಯುತ್ತಾರೆ. ಬಂಡೆಯನ್ನು ಸೀಳುವುದು ಸುತ್ತಿಗೆಯ ಬಲವಲ್ಲ. ಒಂದು ಬಿರುಕು ಬಾಯಿಬಿಟ್ಟು ತಾನೇ ಓಡುತ್ತದೆ. ಅದರಿಂದಲೇ ಗ್ರಾನೈಟ್ ಸಾವಿರದಲ್ಲಿ ಕೆಲವು ಭಾಗ ವಿರೂಪಗೊಂಡರೂ ಒಡೆಯುತ್ತದೆ. ನ್ಯೂಟ್ರಾನ್ ನಕ್ಷತ್ರದ ತೊಗಟೆಯಲ್ಲಿ ಬಿರುಕು ಬಾಯಿಬಿಡಲಾರದು. ಜಾರುವಿಕೆಗೆ ಸ್ಫಟಿಕ ಒಡ್ಡುವ ಬಿಗಿ ಅಲ್ಲಿನ ಒತ್ತಡದ ನೂರನೇ ಒಂದು ಭಾಗದಷ್ಟೇ. ಎಲ್ಲೇ ಖಾಲಿ ಜಾಗ ಹುಟ್ಟಿದರೂ ಒತ್ತಡ ಅದನ್ನು ಆ ಕ್ಷಣವೇ ಮುಚ್ಚಿಬಿಡುತ್ತದೆ. ಹೊರೊವಿಟ್ಜ್ ಮತ್ತು ಕಡಾವ್ 2009ರಲ್ಲಿ ಕಂಪ್ಯೂಟರಿನಲ್ಲಿ ಒಂದೊಂದೇ ನ್ಯೂಕ್ಲಿಯಸ್ಸಿನ ಚಲನೆಯನ್ನು ಹಿಂಬಾಲಿಸಿ ನೋಡಿದಾಗ ಈ ಸ್ಫಟಿಕ ಶೇ. 10ರಷ್ಟು ವಿರೂಪವನ್ನು ತಡೆದುಕೊಂಡು, ಆಮೇಲೆ ಒಂದೇ ಸಲಕ್ಕೆ ಕುಸಿಯಿತು. ಆ ಲೆಕ್ಕದಂತೆ ತೊಗಟೆ ಕೆಲವು ಸೆಂಟಿಮೀಟರ್ ಎತ್ತರದ ಗುಡ್ಡವನ್ನು ಹೊರಬಲ್ಲದು. ಗುಡ್ಡ ಹೇಗೆ ರೂಪುಗೊಂಡಿತು ಎಂಬುದನ್ನೂ ಸೇರಿಸಿದ ಈಚಿನ ಲೆಕ್ಕಗಳಲ್ಲಿ ಎತ್ತರ ಮಿಲಿಮೀಟರಿಗಿಂತಲೂ ಕಡಿಮೆ. ಅಂಥ ಗುಡ್ಡ ಹೊತ್ತು ಗಿರ್ರನೆ ತಿರುಗುವ ನಕ್ಷತ್ರ ಎಡೆಬಿಡದೆ ಗುರುತ್ವ ಅಲೆಗಳನ್ನು ಹೊಮ್ಮಿಸಬೇಕು. ಆ ಅಲೆಗಳನ್ನು ಹಿಡಿಯುವ ಲೈಗೋ ವೀಕ್ಷಣಾಲಯ ಹುಡುಕುತ್ತಿರುವ ಸಂಕೇತಗಳಲ್ಲಿ ಇದೂ ಒಂದು.

ಶಾಖ: ಮಾದರಿ ಇನ್ನೂ ಸೋಲುವ ಜಾಗ

ಇಲ್ಲಿಯವರೆಗಿನ ಮಾದರಿ ತಣ್ಣಗಿದೆ, ಪ್ರತಿ ಪದರದಲ್ಲೂ ಒಂದೇ ನ್ಯೂಕ್ಲಿಯಸ್ಸಿದೆ. ಒತ್ತಡಕ್ಕೆ ಅಷ್ಟು ಸಾಕು. ದೂರದರ್ಶಕ ಕಾಣುವುದು ಮಾತ್ರ ಶಾಖವನ್ನು.

ಮೇಲ್ಮೈ 10⁶ ಕೆಲ್ವಿನ್ ಇದ್ದರೆ ಒಳಗೆ ಎಷ್ಟು? ಗುಡ್‌ಮುಂಡ್ಸನ್, ಪೆಥಿಕ್ ಮತ್ತು ಎಪ್‌ಸ್ಟೀನ್ 1983ರಲ್ಲಿ ಕೊಟ್ಟ ಸೂತ್ರದ ಪ್ರಕಾರ ಸಾಂದ್ರತೆ 10¹⁰ ಗ್ರಾಂ ಇರುವಲ್ಲಿ ಸುಮಾರು 10⁸. ನಮ್ಮ ನಕ್ಷತ್ರದಲ್ಲಿ ಅದು 200 ಮೀಟರಿಗಿಂತ ಕಡಿಮೆ ಆಳ. ಆ ತೆಳು ಹೊದಿಕೆಯಲ್ಲೇ ಉಷ್ಣತೆ ನೂರು ಪಟ್ಟು ಬೀಳುತ್ತದೆ. ಸೂತ್ರ ಕಬ್ಬಿಣದ ಹೊದಿಕೆಗೆ ಮಾತ್ರ. ಮೇಲೆ ಹೈಡ್ರೋಜನ್ ಅಥವಾ ಹೀಲಿಯಂ ಇದ್ದರೆ ಶಾಖ ಸುಲಭವಾಗಿ ಹೊರಬೀಳುತ್ತದೆ, ಅದೇ ಒಳ ಉಷ್ಣತೆಗೆ ಮೇಲ್ಮೈ ಹೆಚ್ಚು ಬಿಸಿ ಕಾಣುತ್ತದೆ.

ಶಾಖವನ್ನು ಒಯ್ಯುವುದೂ ಎಲೆಕ್ಟ್ರಾನುಗಳೇ. ಸ್ಫಟಿಕ ಶುದ್ಧವಾಗಿದ್ದರೆ ಅವು ಸರಾಗವಾಗಿ ಓಡುತ್ತವೆ. ಬೇರೆ ಬೇರೆ ಪ್ರೋಟಾನ್ ಸಂಖ್ಯೆಯ ನ್ಯೂಕ್ಲಿಯಸ್ಸುಗಳು ಕಲಸಿದ್ದರೆ ಎಡವುತ್ತವೆ. ಆ ಕಲಬೆರಕೆಯನ್ನು ಒಂದೇ ಸಂಖ್ಯೆಯಲ್ಲಿ ಹೇಳುತ್ತಾರೆ: ಪ್ರೋಟಾನ್ ಸಂಖ್ಯೆ ಸರಾಸರಿಯಿಂದ ಎಷ್ಟು ದೂರ ಎಂಬುದರ ವರ್ಗದ ಸರಾಸರಿ. ಅದನ್ನು ಆಕಾಶದಲ್ಲೇ ಅಳೆದದ್ದು ಕೆಎಸ್ 1731-260 ಎಂಬ ನಕ್ಷತ್ರದಿಂದ. ಜೊತೆಗಾರ ನಕ್ಷತ್ರದಿಂದ ಅನಿಲ ಎಳೆದುಕೊಳ್ಳುತ್ತಾ ಅದು ಹನ್ನೆರಡು ವರ್ಷಕ್ಕೂ ಹೆಚ್ಚು ಕಾಲ ಬಿಸಿಯಾಯಿತು, 2001ರಲ್ಲಿ ಆ ಅನಿಲದ ಹರಿವು ಹಠಾತ್ತನೆ ನಿಂತಿತು. ಬಿಸಿಯಾದ ತೊಗಟೆ ಆರುವುದನ್ನು ಚಂದ್ರಾ ಮತ್ತು ಎಕ್ಸ್‌ಎಂಎಂ-ನ್ಯೂಟನ್ ದೂರದರ್ಶಕಗಳು ವರ್ಷಗಟ್ಟಲೆ ನೋಡಿದವು. ಆರಿದ ವೇಗಕ್ಕೆ ಹೊಂದುವ ಕಲಬೆರಕೆ ಸಂಖ್ಯೆ 1ರ ಆಸುಪಾಸು. ಅಸ್ತವ್ಯಸ್ತ ಗಾಜಿನಂಥ ತೊಗಟೆ ಇಷ್ಟು ಬೇಗ ಆರುವುದಿಲ್ಲ. ಅದು ಅಚ್ಚುಕಟ್ಟಾದ ಸ್ಫಟಿಕವೇ.

ಇಂಥ ಅನಿಲ ನುಂಗುವ ನಕ್ಷತ್ರಗಳಿಗೆ ನಮ್ಮ ಕಬ್ಬಿಣ–ನಿಕಲ್ ಸಾಲು ಹೊಂದುವುದಿಲ್ಲ ಎಂಬುದನ್ನು ಮರೆಯಬಾರದು. ಮೇಲೆ ಬಿದ್ದ ಹೈಡ್ರೋಜನ್ ಮತ್ತು ಹೀಲಿಯಂ ಆಗಾಗ ಸ್ಫೋಟಿಸಿ ಉರಿಯುತ್ತವೆ. ನಮ್ಮ ಆಸ್ಟ್ರೋಸ್ಯಾಟ್ ಉಪಗ್ರಹ 4ಯು 1636-536 ಎಂಬಲ್ಲಿ ಇಂಥ ಸ್ಫೋಟಗಳನ್ನು ದಾಖಲಿಸಿದೆ. ಉಳಿದ ಬೂದಿಯ ಮೇಲೆ ಹೊಸ ಅನಿಲ ಕೂತಂತೆ ಬೂದಿ ಕೆಳಕ್ಕೆ ತಳ್ಳಲ್ಪಟ್ಟು, ಎಲೆಕ್ಟ್ರಾನ್ ನುಂಗುತ್ತಾ, ಇನ್ನೂ ಆಳದಲ್ಲಿ ಒತ್ತಡದಿಂದಲೇ ಸಮ್ಮಿಲನವಾಗುತ್ತಾ ಹೋಗುತ್ತದೆ. ಹಾನ್ಸೆಲ್ ಮತ್ತು ಜ್ಡುನಿಕ್ 1990ರಿಂದ ಮಾಡಿದ ಲೆಕ್ಕಗಳಲ್ಲಿ ಈ ಹಾದಿಯುದ್ದಕ್ಕೂ ಪ್ರತಿ ನ್ಯೂಕ್ಲಿಯಾನಿಗೆ ಒಟ್ಟು 1.5ರಿಂದ 2 ಎಂಇವಿ ಶಾಖ ಹೊರಬರುತ್ತದೆ. ಇಲ್ಲಿ ಕನಿಷ್ಠ ಗಿಬ್ಸ್ ಶಕ್ತಿ ಹುಡುಕಿದರೆ ತಪ್ಪು ಉತ್ತರ ಬರುತ್ತದೆ, ಯಾಕೆಂದರೆ ತಣ್ಣಗಿನ ದ್ರವ್ಯಕ್ಕೆ ಆ ಕನಿಷ್ಠವನ್ನು ತಲುಪುವ ದಾರಿಯೇ ಇಲ್ಲ. ಒಂದು ಬೂದಿ ನ್ಯೂಕ್ಲಿಯಸ್ಸನ್ನು ಹಿಡಿದು, ಒತ್ತಡ ಏರಿಸುತ್ತಾ, ಯಾವ ಹೆಜ್ಜೆಯಲ್ಲಿ ಯಾವ ಕ್ರಿಯೆಗೆ ಬಾಗಿಲು ತೆರೆಯುತ್ತದೆ ಎಂದು ಹಿಂಬಾಲಿಸಬೇಕು.

ಅಷ್ಟೆಲ್ಲ ಮಾಡಿದ ಮೇಲೂ ಲೆಕ್ಕ ಕೂಡುತ್ತಿಲ್ಲ. ಆರುವ ನಕ್ಷತ್ರಗಳ ಮೊದಲ ತಿಂಗಳುಗಳ ಉಷ್ಣತೆಯನ್ನು ಹೊಂದಿಸಲು ಹಲವು ನಕ್ಷತ್ರಗಳಲ್ಲಿ ಸಾಂದ್ರತೆ ಸುಮಾರು 10¹⁰ ಗ್ರಾಂಗಿಂತ ಕಡಿಮೆ ಇರುವ ಮೇಲುಪದರಗಳಲ್ಲಿ, ಪ್ರತಿ ನ್ಯೂಕ್ಲಿಯಾನಿಗೆ ಒಂದೆರಡು ಎಂಇವಿ ಹೆಚ್ಚುವರಿ ಶಾಖವನ್ನು ಕೈಯಿಂದ ಸೇರಿಸಬೇಕಾಗಿದೆ. ಅದರ ಮೂಲ ಯಾವುದೆಂದು ಇನ್ನೂ ಯಾರಿಗೂ ಗೊತ್ತಿಲ್ಲ. ನ್ಯೂಕ್ಲಿಯಸ್ಸುಗಳ ತೂಕ ಪ್ರಯೋಗಶಾಲೆಯಲ್ಲಿ ಅಳೆದು ಸಿದ್ಧವಿರುವ ಆಳದಲ್ಲೇ, ಮೇಲಿನ ಇನ್ನೂರು ಮೀಟರಿನೊಳಗೇ, ಆ ಶಾಖ ಹುಟ್ಟುತ್ತಿದೆ.